ಅಜ್ಜಿಯ ಸುಳ್ಳಿಗೆ ಹತ್ತು ಅಂಕ

ನಮ್ಮಜ್ಜಿ ಹೇಳಿದ ಒಂದು ಸುಳ್ಳಿಗೆ ನಮ್ಮ ಕಾಲೇಜಿನಲ್ಲಿ ಹತ್ತು ಅಂಕ ಇದೆ. ಪ್ರತಿ ವರ್ಷ ತಪ್ಪದೆ ಕೇಳುವ ಪ್ರಶ್ನೆ ಅದು. ವರ್ಷವಿಡೀ ಪುಸ್ತಕ ಮುಟ್ಟದ ಸೋಮಾರಿಗಳೂ ಅದೊಂದನ್ನು ಉರು ಹೊಡೆದುಕೊಂಡು ಬರುತ್ತಾರೆ. 'ಕೂದಲ ಕೇರಿಯ ಹೆಂಗಸರ ಕೇಶತ್ಯಾಗ ವಿಧಿಯನ್ನು ವಿವರಿಸಿ.' ಆ ಕೇರಿಯವಳು ನಾನು. ಸುಳ್ಳು ಹೇಳಿದ ಅಜ್ಜಿಯ ಸ್ವಂತ ಮೊಮ್ಮಗಳು. ಆ ಪ್ರಶ್ನೆಗೆ ನನಗೆ ಬಂದದ್ದು ಸೊನ್ನೆ.

ಹೇಗೆ ಅಂತ ಹೇಳುತ್ತೇನೆ. ಅಳುತ್ತಾ ಹೇಳುವುದಿಲ್ಲ. ಅಳು ಬರುತ್ತಿಲ್ಲ. ಅವ್ವನ ಬೆರಳ ತುದಿಗಳು ಸೂಜಿ ಹಿಡಿದು ಹಿಡಿದು ಮರಗಟ್ಟಿವೆ. ಚುಚ್ಚಿಕೊಂಡರೆ ರಕ್ತ ಬರುತ್ತದೆ, ನೋವು ಗೊತ್ತಾಗುವುದಿಲ್ಲ. ನನಗೂ ಒಳಗೆ ಎಲ್ಲೋ ಹಾಗೇ ಆಗಿದೆ.

ಮೊದಲು ಕೆಲಸ ಏನು ಅಂತ ಹೇಳಬೇಕು. ನಮ್ಮ ಕೇರಿಯ ಹೆಂಗಸರೆಲ್ಲ ಕೂದಲ ಗೋದಾಮಿನಲ್ಲಿ ಕೂದಲು ಬಿಡಿಸುತ್ತಾರೆ. ಬಾಚಣಿಗೆಗೆ ಸಿಕ್ಕಿದ್ದು, ಬಚ್ಚಲ ಮೋರಿಗೆ ಅಡ್ಡ ನಿಂತದ್ದು, ಕ್ಷೌರದ ಅಂಗಡಿಯಲ್ಲಿ ಗುಡಿಸಿದ್ದು, ಕಸದ ತೊಟ್ಟಿಗೆ ಬಿದ್ದದ್ದು, ಎಲ್ಲಾ ಮೂಟೆಗಟ್ಟಲೆ ಅಲ್ಲಿಗೆ ಬರುತ್ತದೆ. ಮೂಟೆ ಬಿಚ್ಚಿದರೆ ಹೇನು, ಹೊಟ್ಟು, ಸೋಪಿನ ಜಿಡ್ಡು, ಮುರಿದ ಬ್ಲೇಡಿನ ಚೂರು. ಗಂಟುಗಂಟಾದ ಉಂಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಪ್ಪ ಸೂಜಿಯಿಂದ ಎಳೆ ಎಳೆ ಬಿಡಿಸಬೇಕು. ಆಮೇಲೆ ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು ಬಾಚಿ, ಉದ್ದ ನೋಡಿ ಕಟ್ಟು ಕಟ್ಟಬೇಕು. ಫ್ಯಾನ್ ಹಾಕುವ ಹಾಗಿಲ್ಲ, ಮಾಲು ಹಾರುತ್ತದೆ. ಕಿಟಕಿ ತೆರೆಯುವ ಹಾಗಿಲ್ಲ, ಅದೇ ಕಾರಣಕ್ಕೆ. ಬಗ್ಗಿದ ಕತ್ತು ಸಂಜೆಗೆ ನೆಟ್ಟಗಾಗುವುದಿಲ್ಲ. ಕೆಮ್ಮಿದರೆ ಬಾಯಲ್ಲಿ ಕೂದಲು. ಬುತ್ತಿ ಬಿಚ್ಚಿದರೆ ತುತ್ತಿನಲ್ಲಿ ಕೂದಲು. ಮನೆಗೆ ಬಂದು ಹಾಲು ಕುಡಿಸಿದರೆ ಕೂಸಿನ ಬಾಯಲ್ಲೂ ಕೂದಲು. ಆ ಮಾಲು ಎಲ್ಲೋ ದೂರದಲ್ಲಿ ವಿಗ್ಗಾಗಿ ಯಾರದೋ ತಲೆಯ ಮೇಲೆ ಕೂರುತ್ತದೆ.

ಬಿಡಿಸುವವರ ತಲೆಯ ಮೇಲೆ ಮಾತ್ರ ಕೂದಲಿಲ್ಲ. ಕಿವಿಯ ಮೇಲಕ್ಕೆ ಕತ್ತರಿಸಿದ ಮೋಟು. ಅದರ ಮೇಲೊಂದು ವಸ್ತ್ರ.

ಯಾಕೆ ಅಂದರೆ, ಅಜ್ಜಿಯ ಕಾಲದಲ್ಲಿ ಯಾರೋ ಒಬ್ಬಳು ಉದ್ದ ಕೂದಲಿನ ಕಟ್ಟೊಂದನ್ನು ತನ್ನ ತುರುಬಿನೊಳಗೆ ಸುತ್ತಿಕೊಂಡು ಹೋಗುವಾಗ ಗೇಟಿನಲ್ಲಿ ಸಿಕ್ಕಿಬಿದ್ದಳಂತೆ. ಮಾರನೇ ದಿನ ಮಾಲೀಕ ಗೇಟಿನ ಪಕ್ಕ ಒಂದು ಸ್ಟೂಲು ಹಾಕಿಸಿದ. ಕತ್ತರಿ ತರಿಸಿದ. ತುರುಬು ಇದ್ದವಳಿಗೆ ಕೆಲಸ ಇಲ್ಲ ಅಂದ. ಒಬ್ಬೊಬ್ಬರೇ ಸ್ಟೂಲಿನ ಮೇಲೆ ಕೂತು ಎದ್ದರು. ಕತ್ತರಿಸಿದ ಆ ಜಡೆಗಳೆಲ್ಲ ಎಲ್ಲಿಗೆ ಹೋದವು ಅಂತೀರಿ? ಮಾಲೀಕನ ಮೂಟೆಗೇ ಹೋದವು. ಅವನ್ನು ಬಾಚಿ ಕಟ್ಟು ಕಟ್ಟಿದವರೂ ಅವರೇ. ಅಂದಿನಿಂದ ಇಂದಿನವರೆಗೆ ಅದೇ ನಿಯಮ. ಸಂಜೆ ಬಿಡುವಾಗ ಸಾಲಿನಲ್ಲಿ ನಿಂತು ವಸ್ತ್ರ ತೆಗೆದು ತಲೆ ಬಗ್ಗಿಸಬೇಕು. ಗೇಟಿನವನು ಕೈಯಾಡಿಸುತ್ತಾನೆ. ಮೋಟು ಕೂದಲಲ್ಲಿ ಏನು ಮಣ್ಣು ಅಡಗಿಸೋದಕ್ಕೆ ಆಗುತ್ತೆ? ಅವನಿಗೂ ಗೊತ್ತು. ಆದರೂ ಕೈಯಾಡಿಸುತ್ತಾನೆ. ಕೆಲವರ ತಲೆಯ ಮೇಲೆ ಕೈ ಸ್ವಲ್ಪ ಹೆಚ್ಚು ಹೊತ್ತು ಇರುತ್ತದೆ.

ಇಷ್ಟೇ ವಿಷಯ. ಇದರಲ್ಲಿ ವಿಧಿ ಎಲ್ಲಿಂದ ಬಂತು?

ಅಜ್ಜಿಯಿಂದ ಬಂತು. ಅವಳಿನ್ನೂ ಗಟ್ಟಿಮುಟ್ಟಾಗಿದ್ದಾಗ ಕಾಲೇಜಿನಿಂದ ಒಬ್ಬ ಮೇಷ್ಟ್ರು ಕೇರಿಗೆ ಬಂದರಂತೆ. ಮಾನವಶಾಸ್ತ್ರದವರು. ಆಗಿನ್ನೂ ಎಳೆ ಪ್ರಾಯ, ಇಸ್ತ್ರಿ ಬಟ್ಟೆ. ಅವರನ್ನು ಕರೆದುಕೊಂಡು ಬಂದವನು ಗೋದಾಮಿನ ಗೇಟಿನವನು, ಈಗಿನವನ ಅಪ್ಪ. ಪಕ್ಕದಲ್ಲೇ ಕೈಕಟ್ಟಿಕೊಂಡು ನಿಂತ. ಮೇಷ್ಟ್ರು ಕೇಳಿದರು, "ನಿಮ್ಮಲ್ಲಿ ಹೆಂಗಸರು ಕೂದಲು ಯಾಕೆ ಕತ್ತರಿಸಿಕೊಳ್ತಾರೆ?"

ಮುಂದಿನದನ್ನು ಅಜ್ಜಿಯ ಬಾಯಲ್ಲೇ ಕೇಳಬೇಕು. ಸಾಯುವವರೆಗೆ ಹೇಳಿ ಹೇಳಿ ನಗುತ್ತಿದ್ದಳು.

"ಪಕ್ಕದಲ್ಲಿ ಅವನು ನಿಂತಿದಾನೆ, ಯಮನ ಥರ. ನಿಜ ಹೇಳಿದ್ರೆ ನಾಳೆ ಕೆಲಸ ಇಲ್ಲ. ಸುಮ್ನಿದ್ರೆ ಈ ಮೇಷ್ಟ್ರು ಬಿಡೋ ಗಿರಾಕಿ ಅಲ್ಲ. ಇನ್ನೇನ್ ಮಾಡೋದು? ಒಂದು ಕಾಗಕ್ಕ ಗುಬ್ಬಕ್ಕನ ಕಥೆ ಬಿಟ್ಟೆ ಕಣೇ. ನಮ್ಮ ಕುಲಕ್ಕೆ ಮೊದಲನೇ ತಾಯಿ ಒಬ್ಬಳಿದ್ದಳು ಸ್ವಾಮಿ, ಬರಗಾಲದಲ್ಲಿ ತನ್ನ ಕೂದಲು ಮಾರಿ ಮಕ್ಕಳ ಹೊಟ್ಟೆ ತುಂಬಿಸಿದ್ಳು, ಅದಕ್ಕೆ ನಾವೆಲ್ಲ ದೊಡ್ಡವರಾದ ಮೇಲೆ ಕೂದಲು ಅವಳಿಗೆ ಕೊಟ್ಟುಬಿಡ್ತೀವಿ ಅಂದೆ. ಅಯ್ಯಪ್ಪಾ, ಬರ್ಕೊಂಡ್ರು ಬರ್ಕೊಂಡ್ರು! ಆಮೇಲೇನು, ಹಾಡು ಇದೆಯಾ ಅಂದ್ರು. ಅದನ್ನೂ ಕಟ್ಟಿ ಹಾಡಿದೆ. ಆ ಗೇಟಿನವನು ಮೀಸೆ ಅಡಿಯಲ್ಲಿ ನಗ್ತಾ ಇದ್ದ."

ಆ ಮೇಷ್ಟ್ರು ಪುಸ್ತಕ ಬರೆದರು. ಪುಸ್ತಕದಿಂದ ದೊಡ್ಡ ಮೇಷ್ಟ್ರಾದರು. ಎಲ್ಲರೂ ಈಗ ಅವರನ್ನು ಕರೆಯುವುದೇ ದೊಡ್ಡ ಮೇಷ್ಟ್ರು ಅಂತ. ಆ ಪುಸ್ತಕ ನಮಗೆ ಪಠ್ಯ.

ನಾನು ಮಾನವಶಾಸ್ತ್ರ, ಸಮಾಜಶಾಸ್ತ್ರ ಎರಡನ್ನೂ ಸೇರಿಸಿ ಓದುವ ಪದವಿಗೆ ಸೇರಿದ್ದು ದೊಡ್ಡ ಆಸೆಯಿಂದೇನಲ್ಲ. ಬೇರೆ ಕಡೆ ಸೀಟು ಮುಗಿದಿತ್ತು, ಇಲ್ಲಿ ಉಳಿದಿತ್ತು. ಅವ್ವನಿಗೆ ಯಾವುದಾದರೂ ಸರಿ. ಅವಳಿಗೆ ಬೇಕಾದದ್ದು ಒಂದೇ.

"ನೀನು ಏನು ಓದ್ತೀಯೋ ನಂಗೊತ್ತಿಲ್ಲ. ನಿನ್ನ ತಲೆ ಆ ಸ್ಟೂಲಿನ ಮೇಲೆ ಬಗ್ಗಬಾರದು, ಅಷ್ಟೆ."

ನನ್ನ ಜಡೆ ಸೊಂಟದವರೆಗೆ ಇದೆ. ಕೇರಿಯಲ್ಲಿ ನನ್ನ ವಯಸ್ಸಿನವರಲ್ಲಿ ಜಡೆ ಇರುವವಳು ನಾನೊಬ್ಬಳೇ. ಗೋದಾಮಿನಿಂದ ಬಂದು ಕೈ ತೊಳೆದು ಅವ್ವ ಮೊದಲು ಮಾಡುವ ಕೆಲಸ ನನ್ನ ತಲೆ ಬಾಚುವುದು. ದಿನವಿಡೀ ಊರವರ ಕೂದಲು ಬಿಡಿಸಿ ಬಂದವಳು ಮತ್ತೆ ಕೂದಲನ್ನೇ ಹಿಡಿಯುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ. "ಇದು ಬೇರೆ" ಅನ್ನುತ್ತಾಳೆ. ಬೆರಳಿಗೆ ಸ್ಪರ್ಶ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಕಣ್ಣಲ್ಲಿ ನೋಡಿ ನೋಡಿ ಹೆಣೆಯುತ್ತಾಳೆ. ಚಿಕ್ಕಮ್ಮ ಪಕ್ಕದ ಮನೆಯಿಂದ ಕೂಗಿ ಹೇಳುತ್ತಾಳೆ, "ಏನಕ್ಕಾ, ಬಿಟ್ಟಿ ಓವರ್‌ಟೈಮಾ?" ನಾನು ಫೇಲಾದರೆ ಎಲ್ಲಿಗೆ ಹೋಗಬೇಕು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಬೆಳಿಗ್ಗೆ ಹಳೇ ಕಟ್ಟಡದ ಮಹಡಿಯಲ್ಲಿ ಮಾನವಶಾಸ್ತ್ರ. ಮಧ್ಯಾಹ್ನ ಹೊಸ ಕಟ್ಟಡದಲ್ಲಿ ಸಮಾಜಶಾಸ್ತ್ರ. ಎರಡು ವಿಭಾಗದವರಿಗೂ ಪರಸ್ಪರ ಮಾತಿಲ್ಲ. ಅಲ್ಲಿಂದ ಇಲ್ಲಿಗೆ ಓಡಾಡುವವರು ವಿದ್ಯಾರ್ಥಿಗಳು ಮಾತ್ರ. ಬೆಳಿಗ್ಗೆ ನಾವು ಕುಲದವರು. ಮಧ್ಯಾಹ್ನ ನಾವು ಅಸಂಘಟಿತ ಕಾರ್ಮಿಕರು. ನಡುವೆ ಊಟದ ಬಿಡುವಿನಲ್ಲಿ ನಾನು ಏನು ಅಂತ ನನಗೇ ಗೊತ್ತಿರಲಿಲ್ಲ, ಮೆಟ್ಟಿಲ ಮೇಲೆ ಕೂತು ಡಬ್ಬಿ ಖಾಲಿ ಮಾಡುತ್ತಿದ್ದೆ. ಸಹಪಾಠಿಗಳು ಕೆಟ್ಟವರೇನಲ್ಲ. ನನ್ನ ಡಬ್ಬಿಯಲ್ಲಿ ಕೂದಲಿರುತ್ತದೆ ಅಂತ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಅದು ಸುಳ್ಳೂ ಅಲ್ಲ. ಇರುತ್ತಿತ್ತು.

ಮೊದಲ ವರ್ಷ ತಲೆ ಅಳೆಯುವುದನ್ನು ಕಲಿಸಿದರು. ಎರಡು ಬಾಗಿದ ಕಾಲುಗಳಿರುವ ಉಕ್ಕಿನ ಅಳತೆ ಸಾಧನ. ಒಂದು ಕಾಲನ್ನು ಹಣೆಗೆ ಇಟ್ಟು ಇನ್ನೊಂದನ್ನು ಹಿಂದಲೆಗೆ ಒತ್ತಬೇಕು. ಮಾನವಶಾಸ್ತ್ರದ ಮೇಡಂ ತರಗತಿಯನ್ನು ಒಮ್ಮೆ ನೋಡಿ ನನ್ನನ್ನು ಕರೆದರು.

"ಬಾ, ನೀನು ಕೂತ್ಕೋ. ನೀನಂದ್ರೆ ಎಲ್ರಿಗೂ ಒಳ್ಳೇ ಉದಾಹರಣೆ."

ಕೂತೆ. ಉಕ್ಕು ತಣ್ಣಗಿತ್ತು. ಮೂಗು ಅಳೆದರು. ದವಡೆ ಅಳೆದರು. ಒಬ್ಬರಾದ ಮೇಲೆ ಒಬ್ಬರು ಬಂದು ಅದನ್ನೇ ಅಳೆದರು. ಕೊನೆಗೆ ಮೇಡಂ ನನ್ನ ಜಡೆಯನ್ನು ತುದಿಬೆರಳಲ್ಲಿ ಎತ್ತಿ ತರಗತಿಗೆ ತೋರಿಸಿದರು.

"ನೋಡಿ, ಇವಳಿಗೆ ಇನ್ನೂ ಕೇಶತ್ಯಾಗ ಆಗಿಲ್ಲ. ವಿಧಿಗೆ ಮುಂಚಿನ ಹಂತ ಇದು."

ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, "ಯಾವಾಗ ಆಗುತ್ತೆ ಮೇಡಂ?"

"ಅದನ್ನ ಅವಳನ್ನೇ ಕೇಳಿ. ನಮಗೆ ಮಾಹಿತಿ ಕೊಡೋವಳು ಅವಳೇ ತಾನೆ."

ಎಲ್ಲರೂ ನನ್ನ ಮುಖ ನೋಡಿದರು. ಫೇಲಾದ ಮಾರನೇ ದಿನ ಆಗುತ್ತೆ ಅಂತ ಹೇಳಬೇಕಿತ್ತು. "ಗೊತ್ತಿಲ್ಲ ಮೇಡಂ" ಅಂದೆ. ಮೇಡಂ ಅದನ್ನೂ ವಿವರಿಸಿದರು. ಹೊರಗಿನವರ ಮುಂದೆ ಈ ಕುಲದವರು ವಿಧಿಯ ಬಗ್ಗೆ ಬಾಯಿ ಬಿಡುವುದಿಲ್ಲವಂತೆ. ಹುಡುಗಿಯರು ಬರೆದುಕೊಂಡರು. ನಾನೂ ಬರೆದುಕೊಂಡೆ, ಪರೀಕ್ಷೆಗೆ ಬರಬಹುದು ಅಂತ.

ಎರಡನೇ ವರ್ಷದ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಾಗ ನಿಜ ಬರೆದೆ. ಸ್ಟೂಲು ಬರೆದೆ, ಕತ್ತರಿ ಬರೆದೆ, ಜಡೆಗಳು ಮೂಟೆಗೆ ಹೋದದ್ದು ಬರೆದೆ. ಆ ಕಥೆ ಕಟ್ಟಿದವಳು ನಮ್ಮಜ್ಜಿ ಅಂತಲೂ ಬರೆದೆ. ಸೊನ್ನೆ ಬಂತು. ಆ ಒಂದು ಸೊನ್ನೆಗೆ ಇಡೀ ಪತ್ರಿಕೆ ಹೋಯಿತು.

ಮೇಡಂ ಬಳಿಗೆ ಹೋದೆ. ಅವರೇನೂ ಸಿಟ್ಟಾಗಲಿಲ್ಲ. ಕುರ್ಚಿ ಕೊಟ್ಟು ಕೂರಿಸಿದರು.

"ನೋಡು, ನೀನು ಹೇಳ್ತಿರೋದು ತುಂಬಾ ಕುತೂಹಲದ ವಿಷಯ. ಒಳಗಿನವರಿಗೆ ತಮ್ಮ ಆಚರಣೆಯ ಮೂಲ ಮರೆತು ಹೋಗಿರುತ್ತೆ. ಆಗ ಹೊಸ ಕಾರಣ ಹುಡುಕ್ಕೋತಾರೆ. ಮಾಲೀಕ, ಕಳ್ಳತನ, ಹೀಗೆಲ್ಲ. ಇದೂ ಒಂದು ಕಥೆನೇ."

"ಮೇಡಂ, ಇವತ್ತು ಸಂಜೆ ಗೇಟಿಗೆ ಬನ್ನಿ. ಕಣ್ಣಾರೆ ನೋಡಬಹುದು."

"ನೋಡಿದೀನಮ್ಮ. ತಲೆ ತೆರೆದು ಬಗ್ಗೋದು. ಅದೂ ಪುಸ್ತಕದಲ್ಲಿದೆ. ನಮನ ಅಂತ."

ನಮನವಂತೆ. ಗೇಟಿನವನಿಗೆ ನಮನ. ಅಲ್ಲೇ ಮೇಜು ಒದ್ದು ಬೀಳಿಸಬೇಕು ಅನ್ನಿಸಿತು. ಆದರೆ ಕಾಲು ಮೇಲೇಳಲಿಲ್ಲ. "ಆಯ್ತು ಮೇಡಂ" ಅಂದು ಎದ್ದು ಬಂದೆ.

ಮಧ್ಯಾಹ್ನ ಸಮಾಜಶಾಸ್ತ್ರದ ಸರ್ ಹತ್ತಿರ ಹೋದೆ. ಅವರು ತರಗತಿಯಲ್ಲಿ ಶೋಷಣೆ ಅನ್ನುವ ಪದ ಹೇಳುವಾಗ ಮೇಜು ಗುದ್ದುವವರು. ನನ್ನ ಉತ್ತರವನ್ನು ಪೂರ್ತಿ ಕೇಳಿದರು. ತಲೆದೂಗಿದರು.

"ನೀನು ಬರೆದಿದ್ದು ನೂರಕ್ಕೆ ನೂರು ಸರಿ. ನನ್ನ ಪೇಪರಲ್ಲಿ ಬರೆದಿದ್ರೆ ಒಳ್ಳೇ ಅಂಕ ಕೊಡ್ತಿದ್ದೆ. ಆದ್ರೆ ಅದು ಅವರ ಪೇಪರ್ ಅಲ್ವಾ. ನಾನು ತಲೆ ಹಾಕೋ ಹಾಗಿಲ್ಲ."

"ಸರ್, ನಿಮ್ಮ ಸರ್ವೆಯಲ್ಲಾದ್ರೂ ಇದನ್ನ ಸೇರಿಸಿ."

"ನಮ್ಮ ಸರ್ವೆ ಹೋದ ವರ್ಷವೇ ಮುಗೀತಲ್ಲ. ನಿಮ್ಮ ಗೋದಾಮೂ ಇದೆ ಅದರಲ್ಲಿ." ಹುಡುಕಿ ತೋರಿಸಿದರು. ಕೆಲಸದ ಸ್ಥಳದಲ್ಲಿ ತಲೆಗೆ ರಕ್ಷಣೆ ಇದೆಯೇ ಅಂತ ಒಂದು ಪ್ರಶ್ನೆ. ಹೆಂಗಸರೆಲ್ಲ ತಲೆಗೆ ವಸ್ತ್ರ ಕಟ್ಟಿದ್ದರಲ್ಲ. ಇದೆ, ಇದೆ, ಇದೆ ಅಂತ ಸಾಲಾಗಿ ಗುರುತು ಹಾಕಿದ್ದರು. ಆ ಗುರುತು ಹಾಕಿದವರಲ್ಲಿ ನನ್ನ ಸಹಪಾಠಿಗಳೂ ಇದ್ದರು. ಸರ್ ಮುಖ ನೋಡಿ ನಗು ಬಂತು. ಅವರೂ ನಕ್ಕರು, ಯಾಕೆ ಅಂತ ತಿಳಿಯದೆ.

ಮರುಪರೀಕ್ಷೆ ಬಂತು. ಅದೇ ಪ್ರಶ್ನೆ. ಅಜ್ಜಿಯ ಕಥೆಯನ್ನು ಬರೆದೆ. ಅವಳು ಕಟ್ಟಿದ ಹಾಡನ್ನೂ ಬರೆದೆ, ಪುಸ್ತಕದಲ್ಲಿ ಬಿಟ್ಟುಹೋಗಿದ್ದ ಒಂದು ಸಾಲನ್ನು ಸೇರಿಸಿ ಬರೆದೆ. ಹತ್ತಕ್ಕೆ ಹತ್ತು. ಮೇಡಂ ಪಕ್ಕದಲ್ಲಿ 'ಉತ್ತಮ' ಅಂತ ಬರೆದಿದ್ದರು. ಅವತ್ತು ಅವ್ವ ಕೇರಿಗೆಲ್ಲ ಸಕ್ಕರೆ ಹಂಚಿದಳು. ನನಗೆ ಏನೂ ಅನ್ನಿಸಲಿಲ್ಲ. ಸಕ್ಕರೆ ಬಾಯಿಗೆ ಹಾಕಿಕೊಂಡೆ, ಅದರಲ್ಲೂ ಒಂದು ಕೂದಲಿತ್ತು. ಎಳೆದು ತೆಗೆದೆ.

ಕೊನೆಯ ವರ್ಷ ಪ್ರಾಯೋಗಿಕ ಪರೀಕ್ಷೆ ಅಂತ ಒಂದಿದೆ. ಅದಕ್ಕೆ ಬದುಕಿರುವ ಒಬ್ಬರನ್ನು ಕೂರಿಸಿ ಅಳೆದು, ಅವರ ಕುಲದ ಬಗ್ಗೆ ಪರೀಕ್ಷಕರ ಮುಂದೆ ಬಾಯಲ್ಲಿ ಹೇಳಬೇಕು. ಈ ಸಲ ಪರೀಕ್ಷಕರಾಗಿ ದೊಡ್ಡ ಮೇಷ್ಟ್ರೇ ಬರುತ್ತಾರೆ ಅಂತ ಮೇಡಂ ಸಂಭ್ರಮದಿಂದ ಓಡಾಡುತ್ತಿದ್ದರು.

"ನಿಮ್ಮ ಕೇರಿಯಿಂದ ಒಬ್ಬರನ್ನ ಕರ್ಕೊಂಡು ಬಾ. ಕೇಶತ್ಯಾಗ ಆಗಿರೋವ್ರು ಬೇಕು. ದೊಡ್ಡ ಮೇಷ್ಟ್ರಿಗೆ ಖುಷಿಯಾಗುತ್ತೆ."

"ಎಲ್ಲರಿಗೂ ಕೆಲಸ ಇರುತ್ತೆ ಮೇಡಂ. ಯಾರೂ ಬರಲ್ಲ" ಅಂದೆ. ಅಷ್ಟಕ್ಕೇ ಅದು ಮುಗಿಯಿತು ಅಂದುಕೊಂಡೆ. ಮೇಡಂ ನೇರವಾಗಿ ಗೋದಾಮಿಗೇ ಹೇಳಿ ಕಳಿಸಿದ್ದರು ಅನ್ನುವುದು ನನಗೆ ಗೊತ್ತಾಗಲಿಲ್ಲ.

ಪರೀಕ್ಷೆಯ ದಿನ ಒಳಗೆ ಹೋದರೆ ಕೋಣೆಯ ನಡುವೆ ಸ್ಟೂಲಿನ ಮೇಲೆ ಅವ್ವ ಕೂತಿದ್ದಳು.

ಒಳ್ಳೇ ಬಟ್ಟೆ ಉಟ್ಟಿದ್ದಳು. ತಲೆಗೆ ತೊಳೆದ ವಸ್ತ್ರ. ಕಾಲುಗಳನ್ನು ಸ್ಟೂಲಿನ ಕೆಳಗೆ ಸೇರಿಸಿಕೊಂಡು, ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಗೋಡೆಯ ಮೇಲಿದ್ದ ಮೂಳೆಗಳ ಚಿತ್ರ ನೋಡುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಪಿಸುಗುಟ್ಟಿದಳು:

"ಗೇಟಿನವನು ನನ್ನನ್ನೇ ಹೋಗು ಅಂದ. ಒಳ್ಳೇದೇ ಆಯ್ತು ಬಿಡು. ನಿನ್ನ ಕಾಲೇಜು ನೋಡಿದ ಹಾಗಾಯ್ತು. ಎಷ್ಟು ದೊಡ್ಡ ಬಾಗಿಲೇ ಇದಕ್ಕೆ!"

ಹಾಜರಿಯಲ್ಲಿ ನನ್ನ ಹೆಸರು ಯಾವಾಗಲೂ ಕೊನೆಗೆ. ಅವತ್ತು ಮೊದಲು ಕರೆದರು.

ದೊಡ್ಡ ಮೇಷ್ಟ್ರಿಗೆ ಈಗ ತಲೆಯೆಲ್ಲ ಬೆಳ್ಳಗಾಗಿದೆ. ಮೆತ್ತಗಿನ ಮಾತು. ಮೇಡಂ ಅವರ ಕಿವಿಯಲ್ಲಿ ನಾನು ಯಾರು ಅಂತ ಹೇಳಿರಬೇಕು. ಅವರು ನನ್ನನ್ನು ನೋಡಿ ನಕ್ಕರು.

"ಓ, ನೀನೇನಮ್ಮ. ನಿಮ್ಮ ಕೇರಿ ಅಂದ್ರೆ ನನಗೆ ತವರುಮನೆ ಇದ್ದ ಹಾಗೆ. ಅಲ್ಲಿ ಒಬ್ಬಳು ಹೆಂಗಸಿದ್ದಳು. ಏನು ಜ್ಞಾಪಕಶಕ್ತಿ, ಏನು ಕಂಠ ಅಂತೀಯ! ಅವಳು ಹಾಡ್ತಾ ಇದ್ರೆ ನನ್ನ ಕಣ್ಣಲ್ಲಿ ನೀರು ಬಂತು."

ಅವ್ವ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಗು ತಡೆಯುತ್ತಿದ್ದಳು. ಅದು ಅವಳ ಅತ್ತೆಯ ಸುದ್ದಿ.

ಮೇಡಂ ಅಳತೆ ಸಾಧನವನ್ನು ನನ್ನ ಕೈಗೆ ಕೊಟ್ಟರು. "ಶುರು ಮಾಡು. ತಲೆಯಿಂದ." ಆಮೇಲೆ ಅವ್ವನಿಗೆ ಹೇಳಿದರು, "ಆ ಬಟ್ಟೆ ತೆಗೀರಮ್ಮ."

ಅವ್ವನ ಕೈ ತಲೆಯ ಕಡೆಗೆ ಹೋಯಿತು. ಯೋಚನೆಯೇ ಇಲ್ಲದೆ ಹೋಯಿತು. ತೆಗಿ ಅಂದರೆ ತೆಗೆಯುವುದು, ಕತ್ತು ಬಗ್ಗಿಸುವುದು. ವಸ್ತ್ರದ ಗಂಟು ಬಿಚ್ಚಿ ಕತ್ತು ಬಗ್ಗಿಸಿಯೇಬಿಟ್ಟಳು. ಇಲ್ಲಿ ಬಗ್ಗು ಅಂತ ಯಾರೂ ಹೇಳಿರಲಿಲ್ಲ.

"ನೋಡಿ, ನೋಡಿ," ಅಂದರು ದೊಡ್ಡ ಮೇಷ್ಟ್ರು, ಎದ್ದು ಬರುತ್ತಾ. "ಇದೇ ನಮನ. ಎಷ್ಟು ಸಹಜವಾಗಿ ಬರುತ್ತೆ ನೋಡಿ." ವಸ್ತ್ರ ಪೂರ್ತಿ ಸರಿಸಿ ಹುಡುಗಿಯರಿಗೆ ತೋರಿಸಲು ಅವ್ವನ ತಲೆಯ ಕಡೆಗೆ ಕೈ ಚಾಚಿದರು.

ನಾನು ಅವ್ವನ ತಲೆಯ ಮೇಲೆ ಕೈ ಇಟ್ಟೆ. ವಸ್ತ್ರವನ್ನು ಒತ್ತಿ ಹಿಡಿದೆ. ದೊಡ್ಡ ಮೇಷ್ಟ್ರ ಬೆರಳು ನನ್ನ ಮೊಣಕೈಗೆ ತಾಗಿತು.

"ಮುಟ್ಟಬೇಡಿ" ಅಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ಮೇಡಂ ಮೊದಲು ಮಾತಾಡಿದರು. "ಏನಿದು? ಪರೀಕ್ಷೆ ಇದು."

"ಅಳೆಯಲ್ಲ ಮೇಡಂ."

"ಅಳೆಯದಿದ್ರೆ ಅಂಕ ಇಲ್ಲ. ಗೊತ್ತಲ್ವಾ?"

"ಗೊತ್ತು."

"ಸರಿ, ವಿಧಿಯನ್ನಾದ್ರೂ ಹೇಳು. ಅರ್ಧ ಅಂಕ ಕೊಡೋಣ" ಅಂದರು ದೊಡ್ಡ ಮೇಷ್ಟ್ರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಮೆತ್ತಗಿನ ಮಾತನ್ನು ಇವತ್ತಿಗೂ ಕ್ಷಮಿಸಲು ಆಗಿಲ್ಲ.

"ವಿಧಿ ಇಲ್ಲ ಸರ್. ಗೇಟಿದೆ. ಅಲ್ಲಿ ಸ್ಟೂಲಿದೆ, ಕತ್ತರಿ ಇದೆ. ನೀವು ಬಂದಾಗ ಪಕ್ಕದಲ್ಲಿ ನಿಂತಿದ್ದವನು ಕತ್ತರಿ ಹಿಡಿಯೋನು. ಅವನ ಮುಂದೆ ನಮ್ಮಜ್ಜಿಯನ್ನ ಯಾಕೆ ಅಂತ ಕೇಳಿದ್ರಿ. ಅವಳು ಇನ್ನೇನು ಹೇಳ್ತಾಳೆ?"

ದೊಡ್ಡ ಮೇಷ್ಟ್ರು ನನ್ನನ್ನೇ ನೋಡಿದರು. ಅರ್ಥವಾಯಿತು ಅಂತ ಒಂದು ಗಳಿಗೆ ಅಂದುಕೊಂಡೆ. ಅವರು ಮೇಡಂ ಕಡೆಗೆ ತಿರುಗಿದರು. "ಓದಿದ ಪೀಳಿಗೆ ಮೂಲವನ್ನ ನಿರಾಕರಿಸುತ್ತೆ. ಇದನ್ನೂ ನಾವು ದಾಖಲು ಮಾಡಬೇಕು."

ನನಗೆ ನಗುವೂ ಬರಲಿಲ್ಲ. ಇಷ್ಟರಲ್ಲಿ ಅವ್ವ ನನ್ನ ಕೈಯಡಿಯಿಂದ ತಲೆ ಎತ್ತಲು ನೋಡುತ್ತಿದ್ದಳು.

"ಬಿಡೇ. ಅಳೆ. ದಿನಾ ತೆಗೆಯೋದೇ ತಾನೆ, ಇವತ್ತೊಂದು ದಿನ ಇಲ್ಲಿ ತೆಗೀತೀನಿ. ನನಗೇನಾಗಲ್ಲ. ಅಳೆದು ಪಾಸಾಗೇ. ನಿಂಗೆ ಕೈ ಮುಗೀತೀನಿ."

"ಏಳವ್ವ. ಮನೆಗೆ ಹೋಗೋಣ."

ಅಳತೆ ಸಾಧನವನ್ನು ಮೇಜಿನ ಮೇಲೆ ಇಟ್ಟೆ. ಎಸೆಯಲಿಲ್ಲ. ಅದನ್ನು ಒಡೆದರೆ ದಂಡ ಕೇಳುತ್ತಾರೆ.

ದಾರಿಯುದ್ದಕ್ಕೂ ಅವ್ವ ಮುಂದೆ, ನಾನು ಹಿಂದೆ. ಕೇರಿಯ ತಿರುವಿಗೆ ಬಂದ ಮೇಲೆ ತಿರುಗಿ ನಿಂತು ಕೆನ್ನೆಗೆ ಬಾರಿಸಿದಳು.

"ನನ್ನ ತಲೆ ಅದು! ನಾನು ತೋರಿಸ್ತೀನಿ, ಬಿಡ್ತೀನಿ. ನಿಂಗೇನೇ ಬಂತು ರೋಗ? ನಿನ್ನ ಜಡೆ ಉಳೀಲಿ ಅಂತ ಅಲ್ವೇನೇ ನಾನು ಆ ಬೋಳಿಮಗನ ಮುಂದೆ ಇಷ್ಟು ವರ್ಷ ಬಗ್ಗಿದ್ದು? ಒಂದೇ ಏಟಿಗೆ ಮಣ್ಣುಪಾಲು ಮಾಡಿದೆಯಲ್ಲೇ!"

ಕೆನ್ನೆ ಉರಿಯಲಿಲ್ಲ. ಅವಳ ಕೈಗೇ ನೋವಾಯಿತೇನೋ ಅಂತ ನೋಡಿದೆ. ಅದೂ ಮರಗಟ್ಟಿದ ಕೈ.

ಫಲಿತಾಂಶ ತಡೆ ಹಿಡಿದರು. ಕ್ಷಮೆ ಕೇಳಿ ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕೂರಬಹುದು ಅಂತ ಮೇಡಂ ಹೇಳಿ ಕಳಿಸಿದರು. ನಾನು ಹೋಗಲಿಲ್ಲ. ಸಮಾಜಶಾಸ್ತ್ರದ ಸರ್ ರಸ್ತೆಯಲ್ಲಿ ಸಿಕ್ಕಿದರು. "ನೀನು ಮಾಡಿದ್ದು ಸರಿ, ಆದ್ರೆ ಅದಕ್ಕೊಂದು ಕ್ರಮ ಇದೆಯಲ್ಲ" ಅಂದರು. ಹೌದು ಸರ್ ಅಂದೆ.

ಮನೆಯಲ್ಲಿ ಅವ್ವ ಮಾತು ಬಿಟ್ಟಳು. ಅಡುಗೆ ಮಾಡಿ ತಟ್ಟೆ ಕುಕ್ಕುತ್ತಿದ್ದಳು. ಸಂಜೆ ತಲೆ ಬಾಚಲೂ ಕರೆಯುತ್ತಿರಲಿಲ್ಲ. ಒಂದು ಸಂಜೆ ತಾನಾಗಿ ಬಾಚಣಿಗೆ ಹಿಡಿದು ನನ್ನ ಹಿಂದೆ ಕೂತಳು. ಬಹಳ ಹೊತ್ತು ಬಾಚಿದಳು. ಆಮೇಲೆ ಕೇಳಿದಳು:

"ಆ ಯಜಮಾನರು ಕೈ ಯಾಕೆ ಹಿಂದಕ್ಕೆ ತಗೊಂಡ್ರು?"

"ಯಾವಾಗ?"

"ಅವತ್ತು. ನನ್ನ ತಲೆ ಮುಟ್ಟೋಕೆ ಬಂದ್ರಲ್ಲ."

"ನಾನು ಅಡ್ಡ ಹಿಡಿದೆ. ಮುಟ್ಟಬೇಡಿ ಅಂದೆ. ಅದಕ್ಕೆ."

"ಅಷ್ಟೇನಾ?"

"ಅಷ್ಟೇ ಅವ್ವ."

ಅವ್ವ ಜಡೆ ಹೆಣೆದು, ಯಾವತ್ತೂ ಹಾಕುವ ಹಾಗೆ ತುದಿಗೆ ಗಂಟು ಹಾಕಿ, ಎದ್ದು ಹೋದಳು.

ಎಷ್ಟು ದಿನ ಅಂತ ಮನೆಯಲ್ಲಿ ಕೂರುವುದು? ಅವ್ವನ ಕೆಮ್ಮು ಹೆಚ್ಚಾಗುತ್ತಿತ್ತು. ಅವಳಿಗೆ ಹೇಳದೆ ಒಂದು ಸಂಜೆ ಗೋದಾಮಿನ ಗೇಟಿಗೆ ಹೋದೆ. ಗೇಟಿನವನು ನನ್ನನ್ನು ಕಂಡು ಕಣ್ಣರಳಿಸಿದ.

"ಏನಮ್ಮ ಪಂಡಿತೆ, ದಾರಿ ತಪ್ಪಿ ಬಂದೆಯಾ?"

"ಕೆಲಸ ಬೇಕು."

"ಕೆಲಸಕ್ಕೇನು, ಮೂಟೆಗಟ್ಟಲೆ ಬಿದ್ದಿದೆ." ಪಕ್ಕದ ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿದ. "ಕೂತ್ಕೋ. ಜಡೆ ಬಿಚ್ಚು. ಅಪರೂಪದ ಮಾಲು ಇದು."

ಕೂತೆ. ಜಡೆಯ ತುದಿಯ ಗಂಟು ಬಿಚ್ಚಿದೆ. ಅವ್ವ ಹಾಕಿದ ಗಂಟು, ಬೇಗ ಬಿಚ್ಚಿಕೊಳ್ಳಲಿಲ್ಲ. ದುಃಖ ಬರಬೇಕಿತ್ತು. ಬರಲಿಲ್ಲ. ಇಷ್ಟೇ ತಾನೆ ಅನ್ನಿಸಿತು. ಕೂದಲು ಬೆನ್ನ ಮೇಲೆ ಬಿಚ್ಚಿಕೊಂಡಿತು. ಗೇಟಿನವನು ಮೊಳೆಗೆ ನೇತು ಹಾಕಿದ್ದ ಕತ್ತರಿ ತೆಗೆದುಕೊಂಡ.

ಅಷ್ಟರಲ್ಲಿ ಬಿಡುವ ಹೊತ್ತಾಯಿತು. ಗೋದಾಮಿನ ಬಾಗಿಲು ತೆರೆದು ಹೆಂಗಸರು ಸಾಲಾಗಿ ಬಂದರು. ಕೆಮ್ಮುತ್ತಾ, ಸೊಂಟ ಹಿಡಿದುಕೊಂಡು, ಕಣ್ಣಿಗೆ ಬಿದ್ದ ಧೂಳು ಒರೆಸಿಕೊಳ್ಳುತ್ತಾ ಬಂದರು. ಸಾಲಿನ ಮುಂದೆ ಅವ್ವ ಇದ್ದಳು. ಅವಳ ಹಿಂದೆ ಚಿಕ್ಕಮ್ಮ.

ಅವ್ವ ನನ್ನನ್ನು ನೋಡಿದಳು. ಸ್ಟೂಲನ್ನು ನೋಡಿದಳು. ಬಿಚ್ಚಿದ ಕೂದಲನ್ನು ನೋಡಿದಳು.

"ಮೊದಲು ಇವರನ್ನ ಕಳಿಸ್ಬಿಡ್ತೀನಿ ಇರು" ಅಂದ ಗೇಟಿನವನು ನನಗೆ. ಕತ್ತರಿ ಹಿಡಿದೇ ಅವ್ವನ ಕಡೆಗೆ ತಿರುಗಿದ. "ಹ್ಞೂಂ, ತೆಗಿ."

ಅವ್ವನ ಕೈ ತಲೆಯ ಕಡೆಗೆ ಹೋಯಿತು. ಗಂಟಿನವರೆಗೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಇನ್ನೊಂದು ಕೈಯನ್ನೂ ಎತ್ತಿದಳು. ಎರಡೂ ಕೈಯಿಂದ ವಸ್ತ್ರವನ್ನು ತಲೆಗೆ ಒತ್ತಿ ಹಿಡಿದುಕೊಂಡಳು.

"ಮುಟ್ಟಬೇಡ" ಅಂದಳು.

"ಏನಂದೆ?"

"ಮುಟ್ಟಬೇಡ ಅಂದೆ. ಅಷ್ಟು ದೊಡ್ಡ ಮೇಷ್ಟ್ರೇ ಕೈ ಹಿಂದಕ್ಕೆ ತಗೊಂಡ್ರು. ನೀನ್ಯಾವನೋ?"

ಗೇಟಿನವನು ನಕ್ಕ. ತಮಾಷೆ ಅಂದುಕೊಂಡ. ಅಭ್ಯಾಸದಂತೆ ಕೈ ಮುಂದೆ ಮಾಡಿದ. ಅವ್ವ ಅಲುಗಲಿಲ್ಲ. ತಲೆ ಬಗ್ಗಿಸಲಿಲ್ಲ. ಕತ್ತು ಎಷ್ಟು ವರ್ಷದಿಂದಲೋ ಬಗ್ಗಿದ್ದು, ನೆಟ್ಟಗೆ ಮಾಡಲು ನೋವಾಗುತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು. ಅವಳು ಹಾಗೇ ಅವನ ಕಣ್ಣನ್ನು ನೋಡುತ್ತಾ ನಿಂತಳು. ಅವನ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಇತ್ತು. ಆಮೇಲೆ ಕೆಳಗಿಳಿಯಿತು.

"ನಾಳೆಯಿಂದ ಬರಬೇಡ ಹಾಗಾದ್ರೆ" ಅಂದ.

"ಅದು ನಾಳೆ ಮಾತು" ಅಂದಳು ಅವ್ವ. ನನ್ನ ಕಡೆಗೆ ತಿರುಗಿದಳು. "ಏಳೇ ಮೇಲೆ. ಕೂದಲು ಕಟ್ಕೋ."

ಎದ್ದೆ. ಕೂದಲು ಸುತ್ತಿ ಗಂಟು ಹಾಕಿಕೊಂಡೆ. ಎಷ್ಟೋ ದಿನಗಳ ಮೇಲೆ ನನ್ನ ಮೈಯಲ್ಲಿ ಏನೋ ನನಗೆ ಗೊತ್ತಾಗುತ್ತಿತ್ತು. ಖುಷಿಯಲ್ಲ ಅದು. ಭಯ. ನಾಳೆ ಒಲೆ ಹೇಗೆ ಹೊತ್ತಿಸುವುದು ಅನ್ನುವ ಭಯ.

ಗೇಟಿನವನು ಸಾಲಿನ ಮುಂದಿನವಳ ಕಡೆಗೆ ನೋಡಿದ. "ನೀನು ಬಾ. ತೆಗಿ."

ಮುಂದಿನವಳು ಚಿಕ್ಕಮ್ಮ. ಅವಳು ಅವ್ವನನ್ನು ನೋಡಿದಳು, ಕತ್ತರಿಯನ್ನು ನೋಡಿದಳು. ಒಮ್ಮೆ ಕೆಮ್ಮಿದಳು. ಆಮೇಲೆ ಎರಡು ಕೈಯನ್ನೂ ಎತ್ತಿ ತನ್ನ ತಲೆಯ ವಸ್ತ್ರವನ್ನು ಒತ್ತಿ ಹಿಡಿದುಕೊಂಡಳು. ಅವಳ ಹಿಂದಿನವಳೂ ಹಿಡಿದುಕೊಂಡಳು.